ಕಾಫಿ ಮುಟ್ಟದ ವೀರ

ಕರಕ್ ಬೆಟ್ಟಸೀಮೆಯ ಆ ಊರಿನಲ್ಲಿ ಕಾಫಿ ಕುಡಿಯುವುದು ಯಾರಿಗೆ ಬೇಕಾದರೂ ಬರುತ್ತಿತ್ತು. ಕುಡಿಯದೆ ಕೂರುವುದು ಬರುತ್ತಿದ್ದದ್ದು ಹಾಯೆಲ್‌ಗೆ ಮಾತ್ರ.

ಹಾಯೆಲ್ ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ಮಗ ದಿಯಾಬ್ ಹುಟ್ಟಿದ ದಿನದಿಂದ ಊರಿಗೆಲ್ಲ ಅಬು ದಿಯಾಬ್, ಅಂದರೆ ದಿಯಾಬನ ಅಪ್ಪ. ಹೊಟ್ಟೆಪಾಡಿಗೆ ಪಿಂಚಣಿಯೂ ಒಂದಷ್ಟು ಆಡುಗಳೂ ಇದ್ದವು. ಆದರೆ ಅವನು ಭೂಮಿಗೆ ಬಂದದ್ದು ಅದಕ್ಕಲ್ಲ, ಜಾಹಾಕ್ಕೆ. ಯಾರದೋ ಹುಡುಗನಿಗೆ ಹೆಣ್ಣು ಕೇಳಬೇಕು, ಯಾರದೋ ಟ್ರಕ್ಕು ಯಾರದೋ ಒಂಟೆಗೆ ಗುದ್ದಿದೆ, ಕ್ಷಮೆ ಬೇಡಬೇಕು. ಆಗ ಊರ ಹಿರಿಯರು ನಿಲುವಂಗಿ ತೊಟ್ಟು ಸಾಲಾಗಿ ಆ ಮನೆಗೆ ಹೋಗುತ್ತಾರೆ, ಅದೇ ಜಾಹಾ. ಮನೆಯವನು ಏಲಕ್ಕಿ ಹಾಕಿದ ಕಹಿ ಕಾಫಿ ಕೊಡುತ್ತಾನೆ. ಮುಖಂಡನಾದವನು ಬಟ್ಟಲನ್ನು ತುಟಿಗೆ ಮುಟ್ಟಿಸದೆ ನೆಲಕ್ಕಿಟ್ಟು, "ಬಂದ ಕೆಲಸ ಆಗೋ ತನಕ ನಿಮ್ಮ ಕಾಫಿ ಕುಡಿಯೋಲ್ಲ" ಅನ್ನುತ್ತಾನೆ. ಕುಡಿಯದ ಕಾಫಿ ಮನೆಯಲ್ಲಿ ಉಳಿದರೆ ಆ ಮನೆಯವನು ನಾಳೆ ಮಸೀದಿಗೆ ಹೋಗಲೂ ಮುಖ ಮುಚ್ಚಿಕೊಳ್ಳಬೇಕು. ಆದ್ದರಿಂದ ಅವನು, "ಕಾಫಿ ಕುಡಿಯಿರಿ, ನೀವು ಕೇಳೋಕೆ ಬಂದದ್ದು ನಿಮ್ಮದೇ" ಅನ್ನಬೇಕು. ಅಂದಮೇಲೆ ಮುಗಿಯಿತು. ಆ ಮಾತನ್ನು ವಾಪಸು ತೆಗೆದುಕೊಂಡವನು ಆ ಸೀಮೆಯಲ್ಲಿ ಇದುವರೆಗೆ ಹುಟ್ಟಿಲ್ಲ.

ಉಳಿದವರು ಬಟ್ಟಲನ್ನು ಬಟ್ಟಲಿನ ಹಾಗೆ ಇಡುತ್ತಿದ್ದರು. ಹಾಯೆಲ್ ಅದನ್ನು ಬಲಗೈಯಲ್ಲಿ ಎತ್ತಿ ಮೀಸೆಯವರೆಗೆ ತರುತ್ತಿದ್ದ. ಪರಿಮಳವನ್ನು ಮೂಗಿಗೆ ತೋರಿಸಿ ಅರೆಗಳಿಗೆ ತಡೆಯುತ್ತಿದ್ದ. ಕುಡಿದೇಬಿಟ್ಟನೋ ಎಂದು ಇಡೀ ದಿವಾನಖಾನೆ ಉಸಿರು ಹಿಡಿಯುವ ಹೊತ್ತಿಗೆ, ಸಾಕಿದ ಬೇಟೆಹಕ್ಕಿ ಡೇಗೆಯನ್ನು ಕೈಯಿಂದ ಇಳಿಸುವವನಂತೆ ಬಟ್ಟಲನ್ನು ಜಮಖಾನದ ಮೇಲೆ ಇಳಿಸುತ್ತಿದ್ದ. ಸತ್ತ ಒಂಟೆಯೊಂದರ ವ್ಯಾಜ್ಯದಲ್ಲಿ ಎದುರಾಳಿ ಬಗ್ಗದೆ ಕೂತಾಗ ಕಾಫಿಯ ಮೇಲೆ ಕೆನೆಗಟ್ಟಿತು, ಕೆನೆಯ ಮೇಲೆ ನೊಣ ಕೂತಿತು, ನೊಣ ಮುಳುಗಿತು. ಹಾಯೆಲ್ ರೆಪ್ಪೆ ಅಲುಗಿಸಲಿಲ್ಲ. ಕೊನೆಗೆ ಎದುರಾಳಿಯೇ ಅತ್ತುಬಿಟ್ಟನೆಂದು ಪ್ರತೀತಿ. ಪ್ರತೀತಿಯ ಮೂಲ ಹಾಯೆಲ್ಲೇ.

ಇಂಥ ವೀರನಿಗೆ ಬಾಳಿನಲ್ಲಿ ಒಂದೇ ಕೊರಗು. ಅವನ ಮನೆಗೆ ಒಂದೂ ಜಾಹಾ ಬಂದಿರಲಿಲ್ಲ. ಅವನ ಆಡಿಗೆ ಯಾರೂ ಗುದ್ದಿರಲಿಲ್ಲ, ಅವನ ತಂಟೆಗೆ ಯಾರೂ ಬಂದಿರಲಿಲ್ಲ. ಕ್ಷಮಿಸಲು ತುದಿಗಾಲಲ್ಲಿ ನಿಂತಿದ್ದರೂ ತಪ್ಪು ಮಾಡುವ ಪುಣ್ಯಾತ್ಮ ಸಿಕ್ಕಿರಲಿಲ್ಲ.

ಆ ವರ್ಷ ಅವನ ಮನೆಯಲ್ಲಿ ಇಬ್ಬರು ತೌಜೀಹಿಗೆ ಕೂತಿದ್ದರು. ತೌಜೀಹಿ ಎಂದರೆ ಹನ್ನೆರಡನೆಯ ತರಗತಿಯ ಸರ್ಕಾರಿ ಪರೀಕ್ಷೆ, ಆ ದೇಶದ ಪ್ರತಿ ಮನೆಯ ಕುರುಕ್ಷೇತ್ರ. ಮಗ ದಿಯಾಬನಿಗೆ ಅದು ಮೂರನೆಯ ದಂಡಯಾತ್ರೆ. ಮಗಳು ನೂಫಳಿಗೆ ಮೊದಲನೆಯದು. ದಿಯಾಬನ ಸಲುವಾಗಿ ಮನೆಯಲ್ಲಿ ತುರ್ತುಸ್ಥಿತಿ ಘೋಷಣೆಯಾಗಿತ್ತು. ಟೀವಿ ಮೂಕವಾಯಿತು. ನೆಂಟರನ್ನು ಬಾಗಿಲಿನಿಂದಲೇ ಸಾಗಹಾಕಲಾಯಿತು. ಒಳ್ಳೆಯ ಫ್ಯಾನು ಅವನ ಕೋಣೆಗೆ ಹೋಯಿತು. ಗಳಿಗೆಗೊಮ್ಮೆ ಚಹಾ ಒಯ್ದುಕೊಡುವ ಕೆಲಸ ನೂಫಳದು, ಕಂಕುಳಲ್ಲಿ ರಸಾಯನಶಾಸ್ತ್ರದ ಪುಸ್ತಕ ಇಟ್ಟುಕೊಂಡೇ.

ಚಹಾ ಒಯ್ದಾಗಲೆಲ್ಲ ದಿಯಾಬ್ ಕೋಣೆಯಲ್ಲಿ ಇರುತ್ತಿರಲಿಲ್ಲ. ಕಿಟಕಿ ಹಾರಿ, ಬೀದಿ ಮೂಲೆಯ ಕಾರು ತೊಳೆಯುವ ಅಂಗಡಿಯಲ್ಲಿ ಗೆಳೆಯರ ಜೊತೆ ಇರುತ್ತಿದ್ದ. ಫ್ಯಾನು ಖಾಲಿ ಹಾಸಿಗೆಗೆ ಗಾಳಿ ಬೀಸುತ್ತಿತ್ತು. ಗಾಳಿಯೂ ಚಹಾವೂ ದಂಡವಾಗುವುದನ್ನು ನೋಡಲಾರದೆ ನೂಫ್ ಅಲ್ಲೇ ಕೂತು ಚಹಾ ಕುಡಿದು, ಅಣ್ಣನ ಮೇಜಿನ ಮೇಲೆ ತನ್ನ ಪುಸ್ತಕ ಹರಡುತ್ತಿದ್ದಳು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ದಿಯಾಬನ ಹೆಸರಿನಲ್ಲಿ ದೊಡ್ಡ ತಟ್ಟೆ ಕುನಾಫಾ ಸಿಹಿ ಬಂದಿತ್ತು, ಪಟಾಕಿ ಬಂದಿತ್ತು, ಬೀದಿಯಲ್ಲಿ ಮೆರವಣಿಗೆಗೆ ಪಿಕಪ್ ಗಾಡಿಗಳು ಗುರುಗುಟ್ಟುತ್ತಿದ್ದವು. ಮೊಬೈಲು ಹೇಳಿದ್ದು ಇಷ್ಟು: ದಿಯಾಬ್ ಗಣಿತದಲ್ಲಿ ನಪಾಸು, ನೂಫಳಿಗೆ ನೂರಕ್ಕೆ ತೊಂಬತ್ತಾರು.

ಮನೆ ಒಂದು ಕ್ಷಣ ಯಾವ ಮುಖ ಮಾಡುವುದೆಂದು ತಿಳಿಯದೆ ನಿಂತಿತು. ಎಲ್ಲರನ್ನೂ ಗದರಿದವಳು ಹಾಯೆಲ್‌ನ ಅಕ್ಕ, ಹಜ್ ಯಾತ್ರೆ ಮಾಡಿಬಂದ ಹಾಜ್ಜಾ ವದ್ಹಾ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು, ವಿಧವೆಯಾದ ಮೇಲೆ ಅದೇ ಮನೆಯಲ್ಲಿ ಊರುಗೋಲೂರಿ ಆಳುತ್ತಿದ್ದವಳು.

"ಯಾಕ್ರೋ ಹೆಣ ನೋಡಿದಂಗೆ ನಿಂತ್ರಿ? ಕುನಾಫಾಕ್ಕೇನು ಗೊತ್ತು ತಾನು ಯಾರ ಹೆಸರಲ್ಲಿ ಬಂದಿದೀನಿ ಅಂತ? ಬಿಸಿ ಇದ್ದಾಗಲೇ ಹಾಕ್ರೋ."

ದಿಯಾಬನಿಗೆ ತಂದ ಪಟಾಕಿ ನೂಫಳಿಗೆ ಹಾರಿತು. ಬೇಸರವಿಲ್ಲದೆ ಹಚ್ಚಿದವನು ದಿಯಾಬನೇ. ಪಕ್ಕದ ಮನೆಯ ಸತ್ತಾಮ್ ಅಪ್ಪನ ಪಿಕಪ್ಪನ್ನು ಹಾರ್ನು ಬಾರಿಸುತ್ತಾ ಹಿಂದಕ್ಕೆ ತೆಗೆದ. ಅದು ಬರಬೇಕಾದ್ದಕ್ಕಿಂತ ಹೆಚ್ಚು ಹಿಂದಕ್ಕೆ ಬಂದು ಹಾಯೆಲ್‌ನ ಅಂಗಳದ ಕಲ್ಲಿನ ಗೋಡೆಯನ್ನು ಮಲಗಿಸಿತು. ಸತ್ತಾಮ್ ಅಳುತ್ತಾ ಓಡಿಹೋದ. ಹಾಯೆಲ್ ಉರುಳಿದ ಕಲ್ಲುಗಳನ್ನೇ ನೋಡಿದ. ನೋಡುತ್ತಾ ನೋಡುತ್ತಾ ಅವನ ಮೀಸೆಯ ತುದಿಗಳು ಮೇಲೇರಿದವು. ಕೊನೆಗೂ ಒಬ್ಬ ತಪ್ಪು ಮಾಡಿದ್ದ!

"ಒಂದು ಕಲ್ಲನ್ನೂ ಎತ್ತಬೇಡಿ. ಜಾಹಾ ಬರೋ ತನಕ ಹಿಂಗೇ ಇರಲಿ" ಎಂದು ಹೆಂಡತಿ ಫಿದ್ದಾಳಿಗೆ ಅಪ್ಪಣೆ ಮಾಡಿದ.

"ಆಡುಗಳು ಹೊರಗೆ ಹೋಗ್ತವೆ ಅಲ್ವಾ?"

"ಹೋಗಲಿ. ಅವೂ ಸಾಕ್ಷಿ ಹೇಳ್ತವೆ."

ಮರುದಿನದಿಂದ ಊರು ಅವನನ್ನು ಹೊಸ ಹೆಸರಿನಿಂದ ಕರೆಯತೊಡಗಿತು: ಅಬು ಲ್ ದಕ್ತೋರಾ, ಡಾಕ್ಟರಮ್ಮನ ಅಪ್ಪ. ತೊಂಬತ್ತಾರು ಬಂದ ಹುಡುಗಿ ವೈದ್ಯಕೀಯ ಬಿಟ್ಟು ಬೇರೇನು ಓದುತ್ತಾಳೆ? ದಾರಿಯಲ್ಲಿ ಸಿಕ್ಕವರು ಹಾಯೆಲ್‌ಗೇ ಮಂಡಿ ತೋರಿಸಿದರು. ಅವನೂ ಒತ್ತಿ ನೋಡಿ, "ವಾಯು" ಎಂದು ಗಂಭೀರವಾಗಿ ಹೇಳತೊಡಗಿದ.

ಸಂಜೆ ದಿವಾನಖಾನೆಯಲ್ಲಿ ದೊಡ್ಡ ಪ್ರಶ್ನೆ ಚರ್ಚೆಗೆ ಬಂತು. ಪ್ರತಿ ವರ್ಷ ಹೆಣ್ಣುಮಕ್ಕಳೇ ಯಾಕೆ ಮೇಲೆ, ಗಂಡುಮಕ್ಕಳೇ ಯಾಕೆ ಕೆಳಗೆ? ಹಾಯೆಲ್‌ನ ಜಾಹಾಗಳ ಹಳೆಯ ಜೊತೆಗಾರ ಅಬು ಮುತ್ಲಕ್ ಮೊದಲು ಬಾಯಿಬಿಟ್ಟ.

"ಹುಡುಗರಿಗೆ ದೃಷ್ಟಿ ತಾಗುತ್ತೆ. ಹುಡುಗೀರನ್ನ ಯಾರು ನೋಡ್ತಾರೆ, ಒಳಗಿರ್ತಾರೆ."

ಹುಡುಗರ ಶಾಲೆಯಲ್ಲಿ ಗಣಿತ ಹೇಳುವ, ರಾತ್ರಿ ಟ್ಯಾಕ್ಸಿ ಓಡಿಸುವ ಮೇಷ್ಟರು ಖ್ಲೈಫ್ ತಲೆಯಾಡಿಸಿದರು. "ಹುಡುಗೀರು ಬಾಯಿಪಾಠ ಹೊಡೀತಾರೆ. ಹುಡುಗರ ಬುದ್ಧಿ ಚುರುಕು, ಪುಸ್ತಕದಲ್ಲಿ ನಿಲ್ಲೋಲ್ಲ."

"ನಿಮ್ಮ ತರಗತೀಲಿ ನೀವೇ ನಿದ್ದೆ ಹೊಡೀತೀರಂತಲ್ಲ ಮೇಷ್ಟ್ರೇ" ಎಂದು ಬಾಗಿಲ ಆಚೆಯಿಂದ ವದ್ಹಾ ಕೇಳಿದಳು. "ಹುಡುಗೀರ ಶಾಲೆ ಟೀಚರಮ್ಮ ಲೆಕ್ಕ ತಪ್ಪಿದ್ರೆ ಮನೆ ತನಕ ಬರ್ತಾಳೆ. ನೀವು ಬಂದಿದ್ದು ಯಾವಾಗ? ಬಾಡಿಗೆ ಸಿಕ್ಕಾಗ."

"ಹಾಜ್ಜಾ, ರಾತ್ರಿ ಎಲ್ಲಾ ಗಾಡಿ ಓಡಿಸ್ತೀನಿ, ಕಣ್ಣು ಎಳೆಯುತ್ತೆ" ಎಂದರು ಮೇಷ್ಟರು, ಪಾಪ, ಸುಳ್ಳು ಹೇಳಲು ಬಾರದವರು.

ತಟ್ಟೆ ಹಿಡಿದು ಬಂದ ನೂಫಳನ್ನೇ ಕೇಳಿದರು. ಅವಳು ಅಪ್ಪನ ಕಡೆ ತಿರುಗಿ ನಕ್ಕಳು.

"ಯಾಬಾ, ದಿಯಾಬನಿಗೆ ಮೂಲೆ ಅಂಗಡಿ ಇದೆ, ಗೆಳೆಯರಿದಾರೆ, ಅವರ ಗಾಡಿ ಇದೆ. ನಂಗೆ ಸಂಜೆ ಆದ್ಮೇಲೆ ಏನಿದೆ? ಪಾತ್ರೆ, ಆಮೇಲೆ ರಸಾಯನಶಾಸ್ತ್ರ. ಬೇಜಾರಿಗೆ ಪುಸ್ತಕ ಎರಡು ಸಲ ಓದಿದೆ. ಅಷ್ಟೇ."

"ನಾನು ನಪಾಸಾದ್ರೂ ಅಪ್ಪ ಸೈನ್ಯಕ್ಕೆ ಸೇರಿಸ್ತಾರೆ. ಇವಳು ನಪಾಸಾದ್ರೆ ಸೋದರಮಾವನ ಮಗನೇ ಗತಿ" ಎಂದ ದಿಯಾಬ್ ಕಾಫಿ ಹಂಚುತ್ತಾ. "ಅವನನ್ನ ನೋಡಿದೀರಾ? ಯಾರಾದ್ರೂ ಓದ್ತಾರೆ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆ ಸೀಮೆಯ ವಿದ್ವಾಂಸರು ಯಾರೂ ಅದಕ್ಕಿಂತ ಚೆನ್ನಾಗಿ ವಿವರಿಸಿರಲಾರರು. ಆದರೆ ನಕ್ಕವರಲ್ಲಿ ಒಬ್ಬರೂ ಅದನ್ನು ವಿವರಣೆ ಎಂದುಕೊಳ್ಳಲಿಲ್ಲ. ಅಬು ಮುತ್ಲಕ್, "ಆದ್ರೂ ದೃಷ್ಟಿಯೇ" ಎಂದು ತೀರ್ಪು ಬರೆದ.

ಜಗಳ ಬಂದದ್ದು ಮಾರನೆಯ ಬೆಳಿಗ್ಗೆ, ಆಲಿವ್ ಎಣ್ಣೆಯಲ್ಲಿ ರೊಟ್ಟಿ ಅದ್ದುವಾಗ.

"ಯಾಬಾ, ನಾನು ಅರ್ಜೀಲಿ ವೈದ್ಯಕೀಯ ಬರೆಯೋಲ್ಲ. ಭೂವಿಜ್ಞಾನ."

"ಅದೇನು?"

"ಕಲ್ಲು. ಬಂಡೆ. ಮಣ್ಣೊಳಗೆ ನೀರು ಎಲ್ಲಿದೆ, ಬೆಟ್ಟ ಯಾಕೆ ಸೀಳಿದೆ, ಅದೆಲ್ಲ."

ಹಾಯೆಲ್‌ನ ರೊಟ್ಟಿ ಎಣ್ಣೆಯಲ್ಲೇ ಉಳಿಯಿತು. "ಕಲ್ಲು ಓದೋಕೆ ತೊಂಬತ್ತಾರು ಬೇಕಾ? ಎಪ್ಪತ್ತು ಬಂದವರು ಓದೋದು ಅದು! ಉಳಿದ ಇಪ್ಪತ್ತಾರು ಅಂಕ ಏನು ಮಾಡ್ತೀಯಾ, ಆಡಿಗೆ ಹಾಕ್ತೀಯಾ?"

"ಅಂಕ ನಂದಲ್ವಾ?"

"ಅಂಕ ಮನೇದು! ಫ್ಯಾನು ಮನೇದು, ಚಹಾ ಮನೇದು!"

"ಫ್ಯಾನು ದಿಯಾಬನ ಹೆಸರಲ್ಲಿತ್ತು" ಎಂದಳು ಫಿದ್ದಾ, ಯಾರ ಕಡೆಗೂ ನೋಡದೆ.

"ಹೆಣ್ಣುಮಗಳು ಸುತ್ತಿಗೆ ಹಿಡ್ಕೊಂಡು ಕಣಿವೆ ಕಣಿವೆ ಅಲೆಯೋದಾ? ಡಾಕ್ಟರಾದ್ರೆ ನೆರಳಲ್ಲಿ ಕೂರ್ತೀಯಾ. ಮದುವೆ ಆದ್ಮೇಲೂ ಕೆಲಸಕ್ಕೆ ಬರುತ್ತೆ. ಕಲ್ಲು ಓದಿದವಳನ್ನ ಯಾವ ಅತ್ತೆ ಒಪ್ತಾಳೆ?"

"ನಂಗೆ ರಕ್ತ ನೋಡಿದ್ರೆ ತಲೆ ಸುತ್ತುತ್ತೆ ಯಾಬಾ. ಬಕ್ರೀದಿಗೆ ಕುರಿ ಕೊಯ್ದಾಗ ಬಿದ್ದಿರ್ಲಿಲ್ವಾ ನಾನು?"

"ಅದು ಕುರಿ. ಮನುಷ್ಯರಿಗೆ ಅಭ್ಯಾಸ ಆಗುತ್ತೆ."

ವಿಶ್ವವಿದ್ಯಾಲಯದ ಅರ್ಜಿಗೆ ಗುರುವಾರ ಸಂಜೆ ಕಡೆ. ಅರ್ಜಿಗೆ ಕೊಟ್ಟ ನಂಬರು ಅಪ್ಪನದಾದ್ದರಿಂದ ಕೋರ್ಸಿನ ಆಯ್ಕೆ ಅಪ್ಪನ ಮೊಬೈಲಿನಲ್ಲೇ ಆಗಬೇಕು, ಮೊಬೈಲು ಅಪ್ಪನ ಜೇಬಿನಲ್ಲಿ. ಹಾಯೆಲ್ ಜೇಬಿನ ಗುಂಡಿ ಹಾಕಿಕೊಂಡ. ನೂಫ್ ಅಪ್ಪನ ಮುಂದೆ ಊಟದ ತಟ್ಟೆಯಿಟ್ಟು ಮಾತಿಲ್ಲದೆ ಹೋಗತೊಡಗಿದಳು. ಒಬ್ಬ ಮಗಳು ಸುಮ್ಮನಾದರೆ ಮನೆ ಇಷ್ಟು ದೊಡ್ಡದಾಗುತ್ತದೆಂದು ಹಾಯೆಲ್‌ಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆದರೂ ಅಬು ಲ್ ದಕ್ತೋರಾ ಎಂಬ ಬಿರುದು ಕಿವಿಯಲ್ಲಿ ಇನ್ನೂ ಸಿಹಿಯಾಗಿ ಗುಂಯ್ಗುಡುತ್ತಿತ್ತು. ವೀರರು ಬಿರುದು ಬಿಡುವುದುಂಟೇ?

ಮಂಗಳವಾರ ಅಬು ಮುತ್ಲಕ್ ಬಾಗಿಲಿಗೆ ಬಂದ. ಹಿಂದೆ ಸತ್ತಾಮನ ಅಪ್ಪ ಅಬು ಸತ್ತಾಮ್ ತಲೆ ತಗ್ಗಿಸಿ ನಿಂತಿದ್ದ.

"ಅಬು ದಿಯಾಬ್, ನಾಳೆ ಮಧ್ಯಾಹ್ನದ ನಮಾಜು ಆದ್ಮೇಲೆ ನಿಮ್ಮ ಮನೆಗೆ ಜಾಹಾ ಬರುತ್ತೆ. ಒಪ್ಪಿಗೆ ತಾನೇ?"

ಯಾವುದಕ್ಕೆ ಎಂದು ಹಾಯೆಲ್ ಕೇಳಲಿಲ್ಲ. ದೊಡ್ಡವರು ಕೇಳುವುದಿಲ್ಲ. ಮೇಲಾಗಿ ಉತ್ತರ ಅಂಗಳದ ತುಂಬ ಉರುಳಿಬಿದ್ದಿತ್ತು, ಅದರ ಮೇಲೆ ಒಂದು ಆಡೂ ನಿಂತಿತ್ತು. "ನನ್ನ ಮನೆ ನಿಮ್ಮದು" ಎಂದಷ್ಟೇ ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಂಡು ಸಣ್ಣದಾಗಿ ಕುಣಿದ.

ಬುಧವಾರ ಫಿದ್ದಾ ನಿಲುವಂಗಿಗೆ ಇಸ್ತ್ರಿ ಹಾಕಿದಳು. "ನಿಮ್ಮ ಮುಖಕ್ಕಿಂತ ಈ ಜರಿಯಂಚನ್ನೇ ಹೆಚ್ಚು ನೋಡಿದೀನಿ ನಾನು" ಎಂದು ಎಂದಿನಂತೆ ಹೇಳಿದಳು, ಆದರೆ ಅವತ್ತು ಯಾಕೋ ನಗುತ್ತಾ. ಕನ್ನಡಿಯ ಮುಂದೆ ಹಾಯೆಲ್ ಕ್ಷಮಿಸುವ ಮುಖವನ್ನು ಅಭ್ಯಾಸ ಮಾಡಿದ. ಬೇಡಿಕೆ ಕೇಳಿಸಿಕೊಂಡು ಕೊಡುವುದು ಸಾಧಾರಣರ ಕೆಲಸ, ತಾನು ಕೇಳುವ ಮೊದಲೇ ಕೊಟ್ಟುಬಿಡುವುದು ಎಂದು ತೀರ್ಮಾನಿಸಿದ. ಮಕ್ಕಳು ಮೊಮ್ಮಕ್ಕಳು ಹೇಳಿಕೊಳ್ಳಬೇಕು!

ಜಾಹಾ ಬಂತು. ಸಾಲಾಗಿ ನಿಲುವಂಗಿಗಳು, ಅಬು ಮುತ್ಲಕ್, ಮೇಷ್ಟರು ಖ್ಲೈಫ್, ಅಬು ಸತ್ತಾಮ್. ಅವರೆಲ್ಲರ ಮುಂದೆ ಊರುಗೋಲು ಕುಟ್ಟುತ್ತಾ ಹಾಜ್ಜಾ ವದ್ಹಾ. ಅದೇ ಮನೆಯ ಹಿಂದಿನ ಬಾಗಿಲಿನಿಂದ ಹೊರಟು, ಬೀದಿ ಸುತ್ತಿ, ಮುಂಬಾಗಿಲಿನಿಂದ ಅತಿಥಿಯಾಗಿ ಬಂದಿದ್ದಳು. ಗಂಡಸರ ದಿವಾನಖಾನೆಯಲ್ಲಿ ನೇರವಾಗಿ ಹೋಗಿ ಮುಖಂಡನ ಜಾಗದಲ್ಲಿ ಕೂತಳು.

ಹಾಯೆಲ್ ಅಬು ಮುತ್ಲಕ್‌ನ ಮುಖ ನೋಡಿದ.

"ಇವತ್ತು ನಮ್ಮ ಕಡೆ ಮಾತು ಹಾಜ್ಜಾ ಅವರದು" ಎಂದ ಅವನು ಜಮಖಾನ ನೋಡುತ್ತಾ.

ಗೋಡೆಯ ಕ್ಷಮೆಗೆ ನನ್ನ ಅಕ್ಕನನ್ನೇ ಹಿಡಿದು ತಂದಿದ್ದಾರಲ್ಲ, ನನ್ನ ಮರ್ಯಾದೆ ಎಷ್ಟು ಎತ್ತರಕ್ಕೆ ಹೋಯಿತು ಎಂದು ಹಾಯೆಲ್‌ಗೆ ಎದೆ ಉಬ್ಬಿತು. ದಿಯಾಬ್ ಕಾಫಿ ಸುರಿದ. ವದ್ಹಾ ಬಟ್ಟಲನ್ನು ಬಲಗೈಯಲ್ಲಿ ಎತ್ತಿದಳು. ಮೂಗಿನವರೆಗೆ ತಂದಳು. ತಡೆದಳು. ಇಡೀ ದಿವಾನಖಾನೆ ಉಸಿರು ಹಿಡಿಯಿತು. ಡೇಗೆಯನ್ನು ಇಳಿಸುವಂತೆ ಜಮಖಾನದ ಮೇಲೆ ಇಳಿಸಿದಳು. ಅದು ಹಾಯೆಲ್‌ನ ಕೈಚಳಕವೇ, ಇನ್ನೂ ಸ್ವಲ್ಪ ನಯವಾಗಿ.

"ನಾವು ಬಂದದ್ದು—" ಎಂದು ಆರಂಭಿಸಿದಳು.

ಹಾಯೆಲ್ ಎದ್ದು ನಿಂತ. ಜರಿಯಂಚು ಝಗ್ಗೆಂದಿತು. "ಅಕ್ಕಾ, ಹೇಳಬೇಡ! ಈ ಮನೆಗೆ ಬಂದವರು ಬಾಯಿಬಿಟ್ಟು ಕೇಳೋದಾ? ನೀವು ಕೇಳೋಕೆ ಬಂದದ್ದು ಏನೇ ಇರಲಿ ನಿಮ್ಮದು! ಕಾಫಿ ಕುಡಿಯಿರಿ!"

ಬಂದ ಗಂಡಸರೆಲ್ಲ ಒಂದೇ ಗುಟುಕಿಗೆ ಕುಡಿದುಬಿಟ್ಟರು. ಇಷ್ಟು ಅವಸರದ ಜಾಹಾವನ್ನು ಹಾಯೆಲ್ ನೋಡಿರಲಿಲ್ಲ. ಮೇಷ್ಟರು ನಾಲಿಗೆ ಸುಟ್ಟುಕೊಂಡರು.

ವದ್ಹಾ ನಿಧಾನವಾಗಿ ಕುಡಿದು, ಸಾಕೆಂದು ಬಟ್ಟಲು ಅಲುಗಿಸಿ ಕೊಟ್ಟಳು. "ದೇವರು ನಿನ್ನ ಮನೆ ತಣ್ಣಗಿಡಲಿ. ಗೋಡೆ ವಿಚಾರಕ್ಕೆ ಅಬು ಸತ್ತಾಮ್ ಬೇರೆ ಬರ್ತಾನೆ. ನಾವು ಬಂದಿದ್ದು ನೂಫಳ ಕಲ್ಲಿಗೆ. ಮೊಬೈಲು ತೆಗಿ."

ಹಾಯೆಲ್ ನಿಂತಲ್ಲೇ ನಿಂತ. ಕ್ಷಮಿಸುವ ಮುಖ ಇನ್ನೂ ಮುಖದ ಮೇಲೇ ಇತ್ತು, ಒಳಗೆ ಯಾರೂ ಇರಲಿಲ್ಲ.

"ಇದು... ಹೆಂಗಸು ಇಟ್ಟ ಬಟ್ಟಲು ಜಾಹಾಕ್ಕೆ ಲೆಕ್ಕಕ್ಕೆ ಬರೋಲ್ಲ" ಎಂದ ಕೊನೆಗೆ.

"ಬರೋಲ್ಲ ಅಂತ ನಂಗೆ ಗೊತ್ತು ಕಣೋ" ಎಂದಳು ವದ್ಹಾ. ದನಿ ಏರಿಸಲಿಲ್ಲ. "ಶಾಲೆಗೆ ಹೋಗ್ತೀನಿ ಅಂತ ನಾನು ಅಪ್ಪನ ಮುಂದೆ ಹಾಲು ಮುಟ್ಟದೆ ಕೂತಿದ್ದೆ. ನೀನು ಚಿಕ್ಕವನು, ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಅಪ್ಪ ಲೋಟ ಎತ್ತಿ ಕರುವಿಗೆ ಹುಯ್ದ. ನಾನು ಮನೇಲೇ ಉಳ್ದೆ. ಆದ್ರೆ ಮುಟ್ಟದೆ ಕೂರೋದು ಹೆಂಗೆ ಅಂತ ನೀನು ಕಲಿತೆ. ಊರೆಲ್ಲ ಹೊಗಳುತ್ತಲ್ಲ, ಆ ವಿದ್ಯೆ ಯಾರದು ಅಂತ ಯಾರಾದ್ರೂ ಕೇಳಿದ್ರಾ?"

ಹಾಯೆಲ್‌ಗೆ ಆ ಲೋಟ ನೆನಪಾಯಿತು. ಹಾಲಿನ ಮೇಲೆ ಕೆನೆಗಟ್ಟಿದ್ದೂ, ಅಕ್ಕ ರೆಪ್ಪೆ ಅಲುಗಿಸದೆ ಕೂತದ್ದೂ. ಒಂಟೆಯ ವ್ಯಾಜ್ಯದ ಕಥೆಯಲ್ಲಿ ತಾನು ಇಷ್ಟು ವರ್ಷ ಹೇಳುತ್ತಿದ್ದ ಕೆನೆ ಎಲ್ಲಿಂದ ಬಂತೆಂದು ಅವನಿಗೆ ಈಗ ಗೊತ್ತಾಯಿತು.

ಅವನು ಜೇಬಿನ ಗುಂಡಿ ಬಿಚ್ಚಿದ. ಬಾಗಿಲಲ್ಲಿ ನಿಂತಿದ್ದ ನೂಫಳ ಕಡೆ ಮೊಬೈಲು ಚಾಚಿ, "ಕಲ್ಲೇ ತಾನೇ? ಇನ್ನೊಂದ್ಸಲ ಯೋಚಿಸು. ಮಣ್ಣೂ ಇದೆ ಅಂದಿದ್ದೆಯಲ್ಲ" ಎಂದ.

"ಎರಡೂ ಸೇರಿ ಒಂದೇ ಕೋರ್ಸು ಯಾಬಾ" ಎಂದು ಅವಳು ಅಪ್ಪನ ಹಣೆಗೆ ಮುತ್ತಿಟ್ಟಳು. ಗುರುವಾರದವರೆಗೆ ಕಾಯದೆ ಅಲ್ಲೇ, ಎಲ್ಲರ ಮುಂದೆ, ಒತ್ತಿಬಿಟ್ಟಳು.

ಎಲ್ಲ ಮುಗಿಯಿತೆಂದು ಹಾಯೆಲ್ ಕೂರುವಷ್ಟರಲ್ಲಿ ವದ್ಹಾ ಮತ್ತೆ ಕೈ ಚಾಚಿದಳು. "ದಿಯಾಬ್, ಇನ್ನೊಂದು ಬಟ್ಟಲು ಹಾಕಪ್ಪಾ. ಇನ್ನೊಂದು ಕೆಲಸ ಇದೆ."

"ಯಾರ ವಿಚಾರ ಅತ್ತೆ?"

"ನಿಂದೇ. ಒಂದು ವರ್ಷ ನಿಮ್ಮಪ್ಪ ನಿನ್ನನ್ನ ನಮಗೆ ಕೊಡಲಿ. ಹುಡುಗೀನ ಸಾಕಿದಂಗೆ ಸಾಕ್ತೀವಿ. ಸಂಜೆ ಆದ್ಮೇಲೆ ಹೊರಗಿಲ್ಲ. ಮೂಲೆ ಅಂಗಡಿ ಇಲ್ಲ. ಪಾತ್ರೆ, ಆಮೇಲೆ ಗಣಿತ. ದೃಷ್ಟಿಯೋ ಬುದ್ಧಿಯೋ ನೋಡೇಬಿಡೋಣ."

ದಿಯಾಬ್ ಕಾಫಿ ಪಾತ್ರೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಕಾಫಿ ಮುಗೀತು ಅತ್ತೆ!"

"ಮುಗೀಲಿಲ್ಲ" ಎನ್ನುತ್ತಾ ಅಡುಗೆಮನೆಯಿಂದ ಫಿದ್ದಾ ಇನ್ನೊಂದು ಪಾತ್ರೆ ಹಿಡಿದು ಬಂದಳು. ಇಸ್ತ್ರಿ ಹಾಕುವಾಗ ಅವಳು ಯಾಕೆ ನಕ್ಕಳೆಂದು ಹಾಯೆಲ್‌ಗೆ ಆಗ ತಿಳಿಯಿತು. ವದ್ಹಾ ಬಟ್ಟಲನ್ನು ಇಳಿಸಿದಳು. ಹಾಯೆಲ್ ಈ ಸಲ ಬೇಡಿಕೆಯನ್ನು ಪೂರ್ತಿ ಕೇಳಿದ್ದ, ಆದ್ದರಿಂದ ಬಹಳ ಸಂತೋಷದಿಂದ, "ಕುಡಿಯಿರಿ, ಅವನು ನಿಮ್ಮದೇ!" ಎಂದ.

ಗೋಡೆಯ ಜಾಹಾ ಮುಂದಿನ ಶುಕ್ರವಾರ ಬಂತು. ಕ್ಷಮೆ ಸಿಕ್ಕಿತು, ಹಾಯೆಲ್ ಭಾಷಣವನ್ನೂ ಮಾಡಿದ. ಕಲ್ಲು ಜೋಡಿಸುವಾಗ ನೂಫ್ ಒಂದು ಕಲ್ಲನ್ನು ಮೇಸ್ತ್ರಿಯ ಕೈಯಿಂದ ಕಿತ್ತುಕೊಂಡಳು. ಅದರಲ್ಲಿ ಕಲ್ಲಾಗಿಹೋದ ಚಿಪ್ಪು ಇತ್ತು. ಇಲ್ಲೆಲ್ಲ ಒಮ್ಮೆ ಸಮುದ್ರವಿತ್ತು ಎಂದಳು. ಆ ಕಲ್ಲು ಈಗ ದಿವಾನಖಾನೆಯಲ್ಲಿದೆ. ಮಂಡಿ ತೋರಿಸಲು ಬಂದವರಿಗೆ ಹಾಯೆಲ್ ಅದನ್ನು ತೋರಿಸಿ, "ಸಮುದ್ರ" ಎಂದು ಗಂಭೀರವಾಗಿ ಹೇಳುತ್ತಾನೆ. ಊರು ಅವನನ್ನು ಅಬು ಲ್ ಹಜರ್, ಕಲ್ಲಿನಪ್ಪ, ಎಂದು ಕರೆಯುತ್ತದೆ. ಮೊದಲು ಮುನಿಸಿಕೊಂಡಿದ್ದ. ಈಗ ಆ ಹೆಸರಿನಿಂದ ಕರೆಯದಿದ್ದರೆ ತಿರುಗಿ ನೋಡುವುದಿಲ್ಲ.

ದಿಯಾಬ್ ಆ ವರ್ಷ ಪಾತ್ರೆ ತೊಳೆದ, ಗೋಳಾಡಿದ, ಕಿಟಕಿಗೆ ಫಿದ್ದಾ ಹಾಕಿಸಿದ ಸರಳುಗಳನ್ನು ಬೈದ, ಕೊನೆಗೆ ಬೇರೆ ದಾರಿ ಕಾಣದೆ ಗಣಿತದ ಪುಸ್ತಕ ತೆರೆದ. ರಜೆಗೆ ಬಂದಾಗಲೆಲ್ಲ ನೂಫ್ ಅವನಿಗೆ ಲೆಕ್ಕ ಹೇಳಿಕೊಟ್ಟಳು, ಅವನು ಅವಳಿಗೆ ಚಹಾ ತಂದುಕೊಟ್ಟ. ಆಗಸ್ಟಿನಲ್ಲಿ ಪಾಸಾದ, ಘನಂದಾರಿಯಾಗಿ ಅಲ್ಲ, ಆದರೆ ಪಟಾಕಿ ಹಾರಿಸುವಷ್ಟು. ಸತ್ತಾಮ್ ಪಿಕಪ್ಪನ್ನು ಮುಂದಕ್ಕೆ ಮಾತ್ರ ಓಡಿಸಿದ. ಅಬು ಮುತ್ಲಕ್ ಈಗಲೂ ದೃಷ್ಟಿ ಅನ್ನುತ್ತಾನೆ: ಒಳಗಿಟ್ಟದ್ದರಿಂದ ಹುಡುಗನಿಗೆ ತಾಗಲಿಲ್ಲವಂತೆ.

ಸುತ್ತಮುತ್ತಲ ಹಳ್ಳಿಗಳಿಂದ ಹೆಣ್ಣುಮಕ್ಕಳು, ಅವರ ತಾಯಂದಿರು, ಒಂದಿಬ್ಬರು ಗಂಡುಹುಡುಗರೂ ಈಗ ಹಾಯೆಲ್‌ನ ಬಾಗಿಲಿಗೆ ಬರುತ್ತಾರೆ. ಒಬ್ಬಳಿಗೆ ಬಾವಿ ಕೊರೆಯುವುದನ್ನು ಕಲಿಯಬೇಕು, ಅಪ್ಪ ಔಷಧಶಾಸ್ತ್ರ ಅನ್ನುತ್ತಾನೆ. ಒಬ್ಬನಿಗೆ ಅಡುಗೆ ಕಲಿಯಬೇಕು, ಅಪ್ಪ ಬಂದೂಕು ಅನ್ನುತ್ತಾನೆ. ಹಾಯೆಲ್ ಬೇಡವೆನ್ನುವುದಿಲ್ಲ. ಜರಿಯಂಚಿನ ನಿಲುವಂಗಿ ತೊಟ್ಟು, ಅಕ್ಕನನ್ನು ಮುಂದಿಟ್ಟುಕೊಂಡು ಹೊರಡುತ್ತಾನೆ. ಕೆಲಸ ಮಾತ್ರ ಮೊದಲಿನಷ್ಟು ಸಲೀಸಲ್ಲ. ಕಥೆ ಕರಕ್ ಸೀಮೆಯನ್ನೆಲ್ಲ ಸುತ್ತಿದೆ. ಬಟ್ಟಲು ನೆಲ ಮುಟ್ಟುವ ಮೊದಲೇ ಮನೆಯವನು ಹುಬ್ಬು ಗಂಟಿಕ್ಕಿ ಕೇಳುತ್ತಾನೆ:

"ಸ್ವಲ್ಪ ತಡೀರಿ ಅಬು ಲ್ ಹಜರ್. ಗೋಡೆಗೋ, ಕಲ್ಲಿಗೋ?"

ಹಾಯೆಲ್ ಅಕ್ಕನ ಕಡೆ ಒಮ್ಮೆ ನೋಡಿ, ಬಟ್ಟಲನ್ನು ಮೀಸೆಯವರೆಗೆ ಎತ್ತುತ್ತಾನೆ.